ಕೆಂಪು ದೀಪದ ಲೆಕ್ಕ: ಟ್ಯಾಲಿ ಕುರಿತ ಪ್ರಶ್ನೆಗಳಿಗೆ ಉತ್ತರ

ಟ್ಯಾಲಿ ಎಂದಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರಿನ ಲೆಕ್ಕಪತ್ರದ ಸಾಫ್ಟ್‌ವೇರ್. ಈ ಸಂಚಿಕೆಯ ಪ್ರಶ್ನೆಗಳು ಅದರ ಬಗ್ಗೆ ಅಲ್ಲ. ಲೈವ್ ಕಾರ್ಯಕ್ರಮದಲ್ಲಿ ಯಾವ ಕ್ಯಾಮೆರಾದ ಚಿತ್ರ ಹೊರಗೆ ಹೋಗುತ್ತಿದೆ ಎಂದು ಕ್ಯಾಮೆರಾಮನ್‌ಗೂ ವೇದಿಕೆಯ ಮೇಲಿರುವವರಿಗೂ ತಿಳಿಸುವ ಕೆಂಪು, ಹಸಿರು ದೀಪಗಳ ಬಗ್ಗೆ. ಕೆಂಪು ಎಂದರೆ ಈಗ ಲೈವ್, ಹಸಿರು ಎಂದರೆ ಮುಂದಿನ ಸರದಿ. ಇವನ್ನು ಹತ್ತಿಸುವುದು ಸ್ವಿಚರ್, ಅಂದರೆ ಹಲವು ಕ್ಯಾಮೆರಾಗಳ ಚಿತ್ರಗಳಲ್ಲಿ ಹೊರಗೆ ಹೋಗುವುದನ್ನು ಆರಿಸುವ ಯಂತ್ರ. ಮದುವೆ, ಯಕ್ಷಗಾನ, ಜಾತ್ರೆಗಳ ಲೈವ್ ಮಾಡುವವರೂ ಚಾನೆಲ್‌ಗಳಲ್ಲಿ ಕೆಲಸ ಮಾಡುವವರೂ ಬರೆದಿದ್ದಾರೆ.

ಪ್ರಶ್ನೆ: ಮೂರು ಕ್ಯಾಮೆರಾ ಇಟ್ಟು ಯಕ್ಷಗಾನದ ಲೈವ್ ಮಾಡುತ್ತೇವೆ. ಯಾವ ದೀಪ ಹತ್ತಿಸಬೇಕೆಂದು ಸ್ವಿಚರ್‌ಗೆ ಹೇಗೆ ಗೊತ್ತಾಗುತ್ತದೆ? ಒತ್ತಿದ್ದು ಒಂದೇ ಗುಂಡಿಯಾದರೂ ಕೆಲವೊಮ್ಮೆ ಎರಡು ಕ್ಯಾಮೆರಾಗಳಲ್ಲಿ ಒಟ್ಟಿಗೆ ಕೆಂಪು ಹತ್ತುತ್ತದೆ. ಇದು ದೋಷವೇ? (ಪುತ್ತೂರಿನ ಓದುಗರು)

ಬಹುತೇಕ ದೋಷವಲ್ಲ. ಯಾವ ಗುಂಡಿ ಒತ್ತಿದ್ದೀರಿ ಎಂಬುದನ್ನು ಟ್ಯಾಲಿ ಹೇಳುವುದಿಲ್ಲ. ಪ್ರೋಗ್ರಾಂ ಔಟ್‌ನ, ಅಂದರೆ ಜನರಿಗೆ ಹೋಗುವ, ಚಿತ್ರದಲ್ಲಿ ಈ ಕ್ಷಣ ಯಾವ ಯಾವ ಮೂಲಗಳ ಪಾಲಿದೆ ಎಂಬುದನ್ನು ಹೇಳುತ್ತದೆ. ಸ್ವಿಚರ್ ತನ್ನ ಔಟ್‌ನಿಂದ ಹಿಂದಕ್ಕೆ ಹುಡುಕುತ್ತಾ ಹೋಗುತ್ತದೆ: ಪ್ರೋಗ್ರಾಂ ಬಸ್‌ನಲ್ಲಿ (ಹೊರಹೋಗುವ ಚಿತ್ರವನ್ನು ಆರಿಸುವ ಸಾಲಿನಲ್ಲಿ) ಯಾವ ಇನ್‌ಪುಟ್ ಇದೆ, ಅದರ ಮೇಲೆ ಯಾವ ಕೀ (ಮೇಲೆ ಹೊದಿಸಿದ ಚಿತ್ರ ಅಥವಾ ಅಕ್ಷರ) ಕೂತಿದೆ, ಆ ಕೀಗೆ ಚಿತ್ರ ಎಲ್ಲಿಂದ ಬರುತ್ತಿದೆ, ಟ್ರಾನ್ಸಿಷನ್ (ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾವಣೆ) ನಡುವೆ ಇದೆಯೇ. ಹೀಗೆ ಸಿಕ್ಕ ಪ್ರತಿಯೊಂದು ಮೂಲಕ್ಕೂ ಕೆಂಪು.

ಆದ್ದರಿಂದ 1 ಸೆಕೆಂಡಿನ ಮಿಕ್ಸ್ (ಒಂದು ಚಿತ್ರ ಕರಗಿ ಇನ್ನೊಂದು ಮೂಡುವುದು) ಹಾಕಿದರೆ, ಸೆಕೆಂಡಿಗೆ 25 ಫ್ರೇಮ್‌ನ ಕೆಲಸದಲ್ಲಿ ಆ 25 ಫ್ರೇಮ್‌ಗಳ ಉದ್ದಕ್ಕೂ ಹೋಗುವ ಕ್ಯಾಮೆರಾ, ಬರುವ ಕ್ಯಾಮೆರಾ ಎರಡರಲ್ಲೂ ಕೆಂಪು ಇರಬೇಕು. ಭಾಗವತರ ಮುಖವನ್ನು ಮೂಲೆಯ ಸಣ್ಣ ಚೌಕದಲ್ಲಿ ತೋರಿಸಿ ಉಳಿದ ಪರದೆಯಲ್ಲಿ ರಂಗವನ್ನು ತೋರಿಸುತ್ತಿದ್ದರೆ ಚೌಕ ಇರುವಷ್ಟು ಹೊತ್ತೂ ಎರಡೂ ಕೆಂಪು. ಲ್ಯಾಪ್‌ಟಾಪ್‌ನಿಂದ ಹೆಸರಿನ ಪಟ್ಟಿ ಬಂದರೆ ಆ ಇನ್‌ಪುಟ್‌ಗೂ ಕೆಂಪು. ದೊಡ್ಡ ಸ್ವಿಚರ್‌ಗಳಲ್ಲಿ ಒಂದು ಎಂ/ಇ (ಚಿತ್ರಗಳನ್ನು ಬೆರೆಸುವ ಮಿಕ್ಸ್/ಎಫೆಕ್ಟ್) ಸಾಲಿನ ಔಟ್ ಇನ್ನೊಂದು ಎಂ/ಇಗೆ ಇನ್‌ಪುಟ್ ಆಗಿರುತ್ತದೆ. ಮುಖ್ಯ ಸಾಲಿನಲ್ಲಿ ‘ಎಂ/ಇ 2’ ಎಂಬ ಗುಂಡಿ ಮಾತ್ರ ಒತ್ತಿದ್ದರೂ ಅದರೊಳಗಿನ ಕ್ಯಾಮೆರಾಗಳಿಗೆಲ್ಲ ಕೆಂಪು ಮುಟ್ಟಬೇಕು.

ದೋಷವೆನ್ನಬಹುದಾದ ಸಂದರ್ಭ ಒಂದಿದೆ. ಟ್ರಾನ್ಸಿಷನ್ಅನ್ನು ಕೈಯಿಂದ ನಡೆಸುವ ಟಿ-ಬಾರ್ ಹಿಡಿಯನ್ನು ತುದಿ ಮುಟ್ಟಿಸದೆ ಕೂದಲೆಳೆ ಹಿಂದೆ ಬಿಟ್ಟರೆ ಟ್ರಾನ್ಸಿಷನ್ ಮುಗಿದಂತೆ ಕಂಡರೂ ಸ್ವಿಚರ್‌ನ ಲೆಕ್ಕದಲ್ಲಿ ಮುಗಿದಿರುವುದಿಲ್ಲ. ಎರಡು ಕೆಂಪು ಹಾಗೇ ನಿಲ್ಲುತ್ತವೆ. ಬಾರ್ ಅನ್ನು ತುದಿಗೆ ಒತ್ತಿ. ಒತ್ತಿದ ಮೇಲೂ ಹೋಗದಿದ್ದರೆ ಬಾರ್‌ನ ತುದಿಬಿಂದುಗಳ ಕ್ಯಾಲಿಬ್ರೇಷನ್ ತಪ್ಪಿದೆ.

ಕೆಲವರು ಪ್ಯಾನೆಲ್‌ನ ಗುಂಡಿಯ ಬೆಳಕಿನಿಂದಲೇ ವೈರ್ ಎಳೆದು ಟ್ಯಾಲಿ ಮಾಡಿಕೊಳ್ಳುತ್ತಾರೆ. ಮೂಲೆಯ ಚೌಕ ಹಾಕದಿರುವ ತನಕ ಅದು ಸರಿಯಾಗಿಯೇ ಕಾಣುತ್ತದೆ. ಹಾಕಿದ ದಿನ ಚೌಕದೊಳಗಿನ ಕ್ಯಾಮೆರಾಮನ್ ತನ್ನದು ಲೈವ್ ಅಲ್ಲ ಎಂದುಕೊಂಡು ಟ್ರೈಪಾಡ್ ಎತ್ತುತ್ತಾನೆ.

ಪ್ರಶ್ನೆ: ನಮ್ಮಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಏಟೆಮ್ ಮಿನಿ ಸ್ವಿಚರ್ ಇದೆ, ಜೊತೆಗೆ ಹ್ಯಾಂಡಿಕ್ಯಾಮ್‌ಗಳು. ಎಚ್‌ಡಿಎಂಐ ಕೇಬಲ್‌ನಲ್ಲೇ ಟ್ಯಾಲಿ ಬರುತ್ತದೆ ಎಂದು ಕೇಳಿದ್ದೆವು, ಬರುತ್ತಿಲ್ಲ. ಹಸಿರು ದೀಪವಂತೂ ಬೇಡವೇ ಬೇಡ ಎನ್ನುತ್ತಾರೆ ಕೆಲವರು. (ಹಾಸನದ ಮದುವೆ ವಿಡಿಯೋ ತಂಡ)

ಎಚ್‌ಡಿಎಂಐಯಲ್ಲಿ ಟ್ಯಾಲಿ ಬರುವುದು ನಿಜ, ಆದರೆ ಅದನ್ನು ಅರ್ಥ ಮಾಡಿಕೊಳ್ಳುವ ಕ್ಯಾಮೆರಾ ಇರಬೇಕು. ಬ್ಲ್ಯಾಕ್‌ಮ್ಯಾಜಿಕ್‌ನ ಪಾಕೆಟ್ ಸಿನಿಮಾ ಕ್ಯಾಮೆರಾ 4ಕೆ, 6ಕೆಯಂಥವು ಕೇಳಿಸಿಕೊಳ್ಳುತ್ತವೆ. ಕ್ಯಾಮೆರಾದ ಸೆಟಪ್‌ನಲ್ಲಿರುವ ಕ್ಯಾಮೆರಾ ಐಡಿ ಸಂಖ್ಯೆ ಸ್ವಿಚರ್‌ನ ಇನ್‌ಪುಟ್ ಸಂಖ್ಯೆಯೇ ಆಗಿರಬೇಕು. ಬೇರೆ ಕಂಪನಿಯ ಹ್ಯಾಂಡಿಕ್ಯಾಮ್‌ಗೆ ಆ ಸಂದೇಶ ತಿಳಿಯುವುದಿಲ್ಲ. ಪಾಕೆಟ್ ಕ್ಯಾಮೆರಾ ಇದ್ದೂ ದೀಪ ಹತ್ತದಿದ್ದರೆ ನಡುವೆ ಏನಿದೆ ನೋಡಿ. ದೂರಕ್ಕೆಂದು ಎಚ್‌ಡಿಎಂಐಯನ್ನು ಎಸ್‌ಡಿಐ (ದೂರಕ್ಕೆ ಚಿತ್ರ ಒಯ್ಯುವ ವೃತ್ತಿಪರ ಕೇಬಲ್ ಸಂಪರ್ಕ) ಮಾಡಿ ಮತ್ತೆ ಎಚ್‌ಡಿಎಂಐಗೆ ತಿರುಗಿಸುವ ಕನ್ವರ್ಟರ್ ಜೋಡಿ ಚಿತ್ರವನ್ನು ಮುಂದಕ್ಕೆ ಒಯ್ಯುತ್ತದೆ, ಹಿಂದಕ್ಕೆ ಬರಬೇಕಾದ ಟ್ಯಾಲಿಗೆ ದಾರಿ ಬಿಡುವುದಿಲ್ಲ. ವೈರ್‌ಲೆಸ್ ಎಚ್‌ಡಿಎಂಐ, ಅಗ್ಗದ ಸ್ಪ್ಲಿಟರ್‌ಗಳದ್ದೂ ಇದೇ ಕಥೆ.

ಹ್ಯಾಂಡಿಕ್ಯಾಮ್‌ಗಳಿಗೆ ದೀಪವನ್ನು ಬೇರೆಯಾಗಿಯೇ ಕೊಡಬೇಕು. ಏಟೆಮ್ ಸ್ವಿಚರ್‌ಗಳು ಈಥರ್‌ನೆಟ್ ಮೂಲಕ, ಯುಡಿಪಿ 9910 ಪೋರ್ಟ್‌ನಲ್ಲಿ, ತಮ್ಮ ಟ್ಯಾಲಿ ಸ್ಥಿತಿಯನ್ನು ಕೇಳಿದವರಿಗೆ ಹೇಳುತ್ತಲೇ ಇರುತ್ತವೆ. ಅದನ್ನು ಬಳಸಲು ದಾರಿ ಎರಡು. ಮೊದಲನೆಯದು ಅದೇ ಕಂಪನಿಯ ಜಿಪಿಐ ಮತ್ತು ಟ್ಯಾಲಿ ಇಂಟರ್‌ಫೇಸ್ ಪೆಟ್ಟಿಗೆ. ಅದರಲ್ಲಿ 8 ರಿಲೇ (ವಿದ್ಯುತ್‌ನಿಂದ ತೆರೆದು ಮುಚ್ಚುವ ಸ್ವಿಚ್) ಔಟ್‌ಗಳಿವೆ, ಇನ್‌ಪುಟ್ ಪ್ರೋಗ್ರಾಂಗೆ ಬಂದಾಗ ಅದರ ರಿಲೇ ಮುಚ್ಚುತ್ತದೆ. ಎರಡನೆಯದು ಟ್ಯಾಲಿ ಆರ್ಬಿಟರ್ ಎಂಬ ಉಚಿತ ಸಾಫ್ಟ್‌ವೇರ್. ಒಂದು ಕಂಪ್ಯೂಟರ್ ಸ್ವಿಚರ್ ಜೊತೆ ಮಾತಾಡುತ್ತದೆ, ದೀಪಗಳೆಲ್ಲ ಆ ಕಂಪ್ಯೂಟರ್ ಜೊತೆ ಮಾತಾಡುತ್ತವೆ. ಪ್ರತಿ ದೀಪವನ್ನೂ ನೇರ ಸ್ವಿಚರ್‌ಗೆ ಜೋಡಿಸಬೇಡಿ. ಏಕಕಾಲಕ್ಕೆ ಎಷ್ಟು ಸಾಧನಗಳು ಸಂಪರ್ಕ ಪಡೆಯಬಹುದು ಎಂಬುದಕ್ಕೆ ಸ್ವಿಚರ್‌ನಲ್ಲಿ ಮಿತಿ ಇದೆ. ದೀಪಗಳೇ ಆ ಜಾಗವನ್ನು ತುಂಬಿಬಿಟ್ಟರೆ ನಿಮ್ಮ ಕಂಟ್ರೋಲ್ ಸಾಫ್ಟ್‌ವೇರ್ ಹೊರಗೆ ಉಳಿಯುತ್ತದೆ. ಕೈಯಲ್ಲಿ ಹಣವಿಲ್ಲದಿದ್ದರೆ ಹಳೆಯ ಮೊಬೈಲನ್ನು ಕ್ಯಾಮೆರಾ ಹ್ಯಾಂಡಲ್‌ಗೆ ಕಟ್ಟಿ, ಬ್ರೌಸರ್‌ನಲ್ಲಿ ಆರ್ಬಿಟರ್‌ನ ಪುಟ ತೆರೆದರೆ ಇಡೀ ಪರದೆಯೇ ಕೆಂಪಾಗುತ್ತದೆ. ಪರದೆ ತಾನಾಗಿ ಆರದಂತೆ ಮೊದಲೇ ಸೆಟ್ ಮಾಡಿ.

ಹಸಿರು ಬೇಡವೆನ್ನುವವರ ಮಾತಿಗೆ ಒಂದು ಕಾರಣವಿದೆ. ಏಟೆಮ್ ಮಿನಿ ಪೆಟ್ಟಿಗೆಯಿಂದ ಹೊರಬಂದಾಗ ಕಟ್ ಬಸ್ ಕ್ರಮದಲ್ಲಿರುತ್ತದೆ. ಗುಂಡಿ ಒತ್ತಿದೊಡನೆ ಚಿತ್ರ ಹೊರಗೆ ಹೋಗುವುದರಿಂದ ಹಸಿರಿಗೆ ಮುನ್ಸೂಚನೆ ಕೊಡಲು ಸಮಯವೇ ಇಲ್ಲ. ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಂ/ಪ್ರಿವ್ಯೂ ಕ್ರಮಕ್ಕೆ ಬದಲಿಸಿ, ಮೊದಲು ಪ್ರಿವ್ಯೂನಲ್ಲಿ ಆರಿಸಿ ಆಮೇಲೆ ಕಟ್ ಮಾಡುವ ಅಭ್ಯಾಸ ಇದ್ದರೆ ಹಸಿರು ಬಹಳ ಬೆಲೆಬಾಳುವ ದೀಪ. ಫೋಕಸ್ ಸರಿಮಾಡಿಕೊಳ್ಳಲು, ಅಲುಗಾಟ ನಿಲ್ಲಿಸಲು ಕ್ಯಾಮೆರಾಮನ್‌ಗೆ ಸಿಗುವ ಒಂದೆರಡು ಸೆಕೆಂಡು ಅದರಿಂದಲೇ.

ಪ್ರಶ್ನೆ: ಎಸ್‌ಡಿಐ ಬಳಸುವ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾಗಳು ನಮ್ಮಲ್ಲಿವೆ. 3ನೇ ಕ್ಯಾಮೆರಾ ಲೈವ್ ಇದ್ದಾಗ 2ನೆಯದರಲ್ಲಿ ದೀಪ ಹತ್ತುತ್ತದೆ, 4ನೆಯದರಲ್ಲಿ ಯಾವತ್ತೂ ಹತ್ತುವುದಿಲ್ಲ. (ದಾವಣಗೆರೆ)

ಇಲ್ಲಿ ಟ್ಯಾಲಿಗೆ ಪ್ರತ್ಯೇಕ ತಂತಿ ಇಲ್ಲ. ಸ್ವಿಚರ್‌ನಿಂದ ಕ್ಯಾಮೆರಾಗೆ ಹಿಂದಿರುಗುವ ಪ್ರೋಗ್ರಾಂ ಚಿತ್ರದಲ್ಲಿ, ಕಣ್ಣಿಗೆ ಕಾಣದ ಸಾಲುಗಳೊಳಗೆ, ಪ್ರತಿ ಫ್ರೇಮ್‌ನಲ್ಲೂ ಎಲ್ಲ ಕ್ಯಾಮೆರಾಗಳ ಟ್ಯಾಲಿ ಸ್ಥಿತಿ ಕೂತಿರುತ್ತದೆ. ಎಲ್ಲ ಕ್ಯಾಮೆರಾಗಳಿಗೂ ಹೋಗುವುದು ಒಂದೇ ಪಟ್ಟಿ. ತನ್ನ ಐಡಿ ಎದುರು ಏನಿದೆ ಎಂದು ಕ್ಯಾಮೆರಾ ನೋಡಿಕೊಳ್ಳುತ್ತದೆ. ನಿಮ್ಮ 2ನೇ ಕ್ಯಾಮೆರಾದ ಐಡಿ 3 ಎಂದು ಕೂತಿದೆ. ಬಾಡಿಗೆಗೆ ತಂದ ಕ್ಯಾಮೆರಾಗಳಲ್ಲಿ ಹಿಂದಿನವರ ಐಡಿ ಹಾಗೇ ಉಳಿದಿರುವುದು ಸಾಮಾನ್ಯ.

4ನೆಯದಕ್ಕೆ ರಿಟರ್ನ್ ಎಲ್ಲಿಂದ ಹೋಗುತ್ತಿದೆ ಎಂದು ಹುಡುಕಿ. ಡೌನ್ ಕನ್ವರ್ಟ್ ಆದ (ಕಡಿಮೆ ರೆಸಲ್ಯೂಷನ್‌ಗೆ ಇಳಿಸಿದ) ಔಟ್‌ನಲ್ಲಿ ಈ ಪಟ್ಟಿ ಇರುವುದಿಲ್ಲ. ಪ್ರೋಗ್ರಾಂ ಚಿತ್ರವನ್ನು ಎಚ್‌ಡಿಎಂಐಯಿಂದ ತೆಗೆದು ಕನ್ವರ್ಟರ್ ಮೂಲಕ ಎಸ್‌ಡಿಐ ಮಾಡಿ ಕಳಿಸಿದರೂ ಇರುವುದಿಲ್ಲ. ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ ರಿಟರ್ನ್ ಚಿತ್ರ ಚೆನ್ನಾಗಿ ಕಾಣುತ್ತಿರುತ್ತದೆ, ಅದಕ್ಕೇ ಕೇಬಲ್ ಸರಿಯಿದೆ ಎಂದು ಎಲ್ಲರೂ ಮೋಸಹೋಗುತ್ತಾರೆ. ಸ್ವಿಚರ್‌ನ ನೇರ ಎಸ್‌ಡಿಐ ಔಟ್‌ನಿಂದ ಒಂದು ಕೇಬಲ್ ಎಳೆದು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕ್ಯಾಮೆರಾಗಳಿಗೂ ಸ್ವಿಚರ್‌ಗೂ ನಡುವೆ ವಿಡಿಯೋ ರೌಟರ್ (ಯಾವ ಚಿತ್ರ ಯಾವ ಇನ್‌ಪುಟ್‌ಗೆ ಹೋಗಬೇಕೆಂದು ಬದಲಿಸುವ ಪೆಟ್ಟಿಗೆ, ವೈಫೈಯದಲ್ಲ) ಇದ್ದರೆ ಇನ್ನೊಂದು ತೊಡಕು: ರೌಟರ್‌ನಲ್ಲಿ ಯಾರಾದರೂ ಇನ್‌ಪುಟ್ 4ಕ್ಕೆ ಬೇರೆ ಕ್ಯಾಮೆರಾ ಕೊಟ್ಟರೆ ಸ್ವಿಚರ್‌ಗೆ ಅದು ತಿಳಿಯುವುದೇ ಇಲ್ಲ. ಸ್ಟುಡಿಯೋಗಳಲ್ಲಿ ರೌಟರ್, ಸ್ವಿಚರ್ ಎರಡನ್ನೂ ಕೇಳಿಸಿಕೊಳ್ಳುವ ಪ್ರತ್ಯೇಕ ಟ್ಯಾಲಿ ಕಂಟ್ರೋಲರ್ ಇಡುವುದು ಇದಕ್ಕಾಗಿಯೇ.

ಪ್ರಶ್ನೆ: ರಿಲೇ ಔಟ್ ಇರುವ ಸ್ವಿಚರ್‌ನಿಂದ 100 ಮೀಟರ್ ದೂರದ ಕ್ಯಾಮೆರಾಗಳಿಗೆ ದೀಪ ಎಳೆಯಬೇಕು. ಮೀಟರ್ ಇಟ್ಟು ನೋಡಿದರೆ ಟ್ಯಾಲಿ ಪಿನ್‌ನಲ್ಲಿ ವೋಲ್ಟೇಜೇ ಇಲ್ಲ. ಯಾವ ವೈರ್, ಯಾವ ರೆಸಿಸ್ಟರ್ ಹಾಕಬೇಕು, ವಿವರವಾಗಿ ತಿಳಿಸಿ. (ಶಿರಸಿಯ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ವಿದ್ಯಾರ್ಥಿ)

ವೋಲ್ಟೇಜ್ ಇಲ್ಲದಿರುವುದೇ ಸರಿ. ರಿಲೇ ಔಟ್ ಎಂದರೆ ಗೋಡೆಯ ಸ್ವಿಚ್ ಇದ್ದಂತೆ, ಕರೆಂಟ್ ನೀವು ಕೊಡಬೇಕು. ಮೀಟರನ್ನು ಕಂಟಿನ್ಯುಟಿಗೆ ತಿರುಗಿಸಿ, ಕಾಮನ್ ಮತ್ತು ಟ್ಯಾಲಿ ಪಿನ್ ನಡುವೆ ಇಟ್ಟು, ಆ ಇನ್‌ಪುಟ್ಟನ್ನು ಪ್ರೋಗ್ರಾಂಗೆ ತನ್ನಿ. ಬೀಪ್ ಬಂದರೆ ರಿಲೇ ಕೆಲಸ ಮಾಡುತ್ತಿದೆ. ಕೆಲವು ಸ್ವಿಚರ್‌ಗಳಲ್ಲಿ ರಿಲೇ ಬದಲು ಓಪನ್ ಕಲೆಕ್ಟರ್ ಟ್ರಾನ್ಸಿಸ್ಟರ್ ಇರುತ್ತದೆ. ಅಲ್ಲಿ ಬೀಪ್ ನಂಬಬೇಡಿ. 12 ವೋಲ್ಟ್‌ನಿಂದ 1 ಕಿಲೋಓಮ್ ರೆಸಿಸ್ಟರ್, ಒಂದು ಎಲ್‌ಇಡಿ ಹಾಕಿ ಟ್ಯಾಲಿ ಪಿನ್‌ಗೆ ಮುಟ್ಟಿಸಿ ನೋಡಿ. ಅದು ಕರೆಂಟನ್ನು ನೆಲದ ಕಡೆಗೆ ಎಳೆಯಬಲ್ಲದು ಅಷ್ಟೆ, ಧ್ರುವ ತಿರುಗಿಸಿದರೆ ಹತ್ತುವುದಿಲ್ಲ.

ಈಗ ಲೆಕ್ಕ. 12 ವೋಲ್ಟ್ ಅಡಾಪ್ಟರ್, ಸಾಧಾರಣ ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್, 20 ಮಿಲಿಆಂಪ್. ಉಳಿದ 10 ವೋಲ್ಟನ್ನು 0.02ರಿಂದ ಭಾಗಿಸಿದರೆ 500 ಓಮ್. ಅಂಗಡಿಯಲ್ಲಿ ಸಿಗುವುದು 470 ಅಥವಾ 560. ರೆಸಿಸ್ಟರ್‌ನಲ್ಲಿ ಸುಮಾರು 0.2 ವಾಟ್ ಶಾಖ ಹುಟ್ಟುವುದರಿಂದ ಕಾಲು ವಾಟ್‌ನದು ಅಂಚಿನಲ್ಲಿರುತ್ತದೆ, ಅರ್ಧ ವಾಟ್‌ನದನ್ನೇ ಹಾಕಿ. ಹಸಿರಿಗೆ ಈಗಿನ ಪ್ರಖರ ಎಲ್‌ಇಡಿಗಳು 3 ವೋಲ್ಟ್‌ಗೂ ಹೆಚ್ಚು ಕೇಳುತ್ತವೆ, 470 ಓಮ್ ಸಾಕು. ಹಗಲಿನ ಬಯಲು ಕಾರ್ಯಕ್ರಮದಲ್ಲಿ ಒಂಟಿ ಎಲ್‌ಇಡಿ ಕಾಣುವುದೇ ಇಲ್ಲ. ಆಗ 12 ವೋಲ್ಟ್ ಎಲ್‌ಇಡಿ ಪಟ್ಟಿಯಿಂದ ಮೂರು ಎಲ್‌ಇಡಿಯ ಒಂದು ತುಂಡು ಕತ್ತರಿಸಿ ಹಾಕಿ. ರೆಸಿಸ್ಟರ್ ಅದರಲ್ಲೇ ಇರುತ್ತದೆ. ಸಣ್ಣ 3528 ಮಾದರಿಯ ತುಂಡಿಗೆ ಸುಮಾರು 20 ಮಿಲಿಆಂಪ್, 5050 ಮಾದರಿಗೆ 60.

ವೈರ್‌ಗೆ ಕ್ಯಾಟ್5ಇ ಸಾಕು, ಆದರೆ ಪೂರ್ತಿ ತಾಮ್ರದ್ದು. ಅದರ ಒಂದು ಎಳೆಗೆ 100 ಮೀಟರಿಗೆ ಸುಮಾರು 8.5 ಓಮ್, ಹೋಗಿಬರುವ ದಾರಿ ಸೇರಿ 17. 20 ಮಿಲಿಆಂಪ್‌ಗೆ ನಷ್ಟವಾಗುವುದು ಮೂರನೇ ಒಂದು ವೋಲ್ಟ್, ಲೆಕ್ಕಕ್ಕಿಲ್ಲ. ಅದೇ ತಂತಿಯಲ್ಲಿ 300 ಮಿಲಿಆಂಪ್‌ನ ದೊಡ್ಡ ದೀಪ ಹತ್ತಿಸಲು ಹೋದರೆ 5 ವೋಲ್ಟ್ ದಾರಿಯಲ್ಲೇ ಹೋಗಿ ದೀಪ ಮಂಕಾಗುತ್ತದೆ. ಅಗ್ಗಕ್ಕೆ ಸಿಗುವ ತಾಮ್ರ ಲೇಪಿತ ಅಲ್ಯೂಮಿನಿಯಂ ಕೇಬಲ್‌ನ ರೋಧ ಒಂದೂವರೆ ಪಟ್ಟು. ಅದಕ್ಕಿಂತ ದೊಡ್ಡ ತೊಂದರೆ, ನಾಲ್ಕು ಸಲ ಸುತ್ತಿ ಬಿಚ್ಚಿದರೆ ಎಳೆ ಒಳಗೇ ಮುರಿಯುತ್ತದೆ.

ಪ್ರತಿ ಕ್ಯಾಮೆರಾಗೆ ಒಂದು ಕೇಬಲ್ ಇಡಿ, ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ. ಕಿತ್ತಳೆ ಜೋಡಿಯ ಎರಡೂ ಎಳೆ ಸೇರಿಸಿ ಪ್ಲಸ್ 12, ನೀಲಿ ಜೋಡಿ ಕೆಂಪು ದೀಪದ ಹಿಂತಿರುಗು ತಂತಿ, ಹಸಿರು ಜೋಡಿ ಹಸಿರು ದೀಪದ್ದು, ಕಂದು ಜೋಡಿ ಮುಂದಕ್ಕೆ ಬೇಕಾದೀತು ಎಂದು ಖಾಲಿ. ಜೋಡಿಯನ್ನು ಸೇರಿಸಿದರೆ ರೋಧ ಅರ್ಧವಾಗುತ್ತದೆ, ಒಂದು ಎಳೆ ತುಂಡಾದರೂ ದೀಪ ಉಳಿಯುತ್ತದೆ. ಪ್ರತಿ ಕೇಬಲ್‌ನ ಪ್ಲಸ್‌ಗೆ 500 ಮಿಲಿಆಂಪ್ ಫ್ಯೂಸ್. ಒಂದು ಕ್ಯಾಮೆರಾದ ಕನೆಕ್ಟರ್ ಮಳೆನೀರಿಗೆ ಶಾರ್ಟ್ ಆದಾಗ ಉಳಿದ ಕ್ಯಾಮೆರಾಗಳ ದೀಪ ಹೋಗಬಾರದು.

ತುದಿಗೆ ಆರ್‌ಜೆ45 ಹಾಕಿದರೆ ‘ಟ್ಯಾಲಿ, ನೆಟ್‌ವರ್ಕ್ ಅಲ್ಲ’ ಎಂದು ಎರಡೂ ತುದಿಗೆ ದಪ್ಪ ಅಕ್ಷರದ ಚೀಟಿ ಅಂಟಿಸಿ. ಸಿಸಿಟಿವಿ ಕೆಲಸದವರು ಬಳಸುವ ಪ್ಯಾಸಿವ್ ಪಿಒಇ ಇಂಜೆಕ್ಟರ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ ಪೆಟ್ಟಿಗೆ) ಎದುರಿಗೆ ಏನಿದೆ ಎಂದು ವಿಚಾರಿಸದೆ 24 ಅಥವಾ 48 ವೋಲ್ಟ್ ಹಾಯಿಸಿಬಿಡುತ್ತದೆ. ಎಲ್‌ಇಡಿ ಸುಡುವುದರ ಜೊತೆಗೆ ಸ್ವಿಚರ್‌ನ ಟ್ಯಾಲಿ ಔಟೂ ಹೋಗಬಹುದು.

ಜಾತ್ರೆಯಲ್ಲಿ ವೇದಿಕೆಗೆ ಜನರೇಟರ್, ಕಂಟ್ರೋಲ್ ಟೇಬಲ್‌ಗೆ ಲೈನ್ ಕರೆಂಟ್ ಇರುವುದು ಸಾಮಾನ್ಯ. ಎರಡರ ಅರ್ತ್ ನಡುವೆ ವೋಲ್ಟೇಜ್ ವ್ಯತ್ಯಾಸವಿರುತ್ತದೆ. ರಿಲೇ ಇದ್ದರೆ ಚಿಂತೆ ಕಡಿಮೆ, ಅದರ ಸಂಪರ್ಕ ಸ್ವಿಚರ್‌ನ ಒಳಗಿನ ಸರ್ಕಿಟ್‌ನಿಂದ ಬೇರೆಯಾಗಿರುತ್ತದೆ. ಓಪನ್ ಕಲೆಕ್ಟರ್ ಔಟ್ ಆದರೆ ನಡುವೆ ಪಿಸಿ817ರಂಥ ಆಪ್ಟೋಕಪ್ಲರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಹಾಕದೆ ದೂರಕ್ಕೆ ಎಳೆಯಬೇಡಿ. ಆ ಔಟ್‌ನಿಂದ ಹೊರಗಿನ ರಿಲೇ ಓಡಿಸುವುದಾದರೆ ಕಾಯಿಲ್‌ಗೆ ಅಡ್ಡಲಾಗಿ, ಪಟ್ಟಿಯ ಗುರುತು ಪ್ಲಸ್ ಕಡೆಗಿರುವಂತೆ, 1ಎನ್4007 ಡಯೋಡ್ ಇರಲೇಬೇಕು. ಇಲ್ಲವಾದರೆ ರಿಲೇ ಬಿಡುವಾಗಿನ ವೋಲ್ಟೇಜ್ ಒದೆತಕ್ಕೆ ಟ್ರಾನ್ಸಿಸ್ಟರ್ ಒಂದಲ್ಲ ಒಂದು ದಿನ ಸಾಯುತ್ತದೆ. ಸ್ವಿಚರ್‌ನ ಕೈಪಿಡಿಯಲ್ಲಿ ಟ್ಯಾಲಿ ಔಟ್‌ನ ಗರಿಷ್ಠ ವೋಲ್ಟ್ ಮತ್ತು ಆಂಪ್ ಬರೆದಿರುತ್ತದೆ, ಮೊದಲು ಅದನ್ನು ಓದಿ. 230 ವೋಲ್ಟ್ ಬಲ್ಬನ್ನು ನೇರವಾಗಿ ಜೋಡಿಸುವ ಯೋಚನೆಯನ್ನು ಯಾವ ಕಾರಣಕ್ಕೂ ಮಾಡಬೇಡಿ.

ಪ್ರಶ್ನೆ: ಎಲ್‌ಇಡಿ ವಾಲ್‌ನಲ್ಲಿ 3ನೇ ಕ್ಯಾಮೆರಾ ಕಾಣುತ್ತಿರುತ್ತದೆ, ಆದರೆ ಅದರ ದೀಪ ಆರಿರುತ್ತದೆ. (ಕಲಬುರಗಿ)

ವಾಲ್‌ಗೆ ಚಿತ್ರ ಹೋಗುತ್ತಿರುವುದು ಆಕ್ಸ್ ಔಟ್‌ನಿಂದ (ಬೇರೆ ಚಿತ್ರ ಆರಿಸಬಹುದಾದ ಹೆಚ್ಚುವರಿ ಔಟ್), ಟ್ಯಾಲಿ ಲೆಕ್ಕ ಪ್ರೋಗ್ರಾಂ ಔಟ್‌ನದು. ಯೂಟ್ಯೂಬ್‌ಗೆ ಒಂದು, ವಾಲ್‌ಗೆ ಇನ್ನೊಂದು ಹೋಗುವ ಕಾರ್ಯಕ್ರಮದಲ್ಲಿ ಎರಡೂ ‘ಲೈವ್’. ದೊಡ್ಡ ಸ್ವಿಚರ್‌ಗಳಲ್ಲಿ ಯಾವ ಔಟ್‌ಗಳನ್ನು ಆನ್‌ಏರ್ ಎಂದು ಎಣಿಸಬೇಕು ಎಂದು ಗುಂಪು ಮಾಡಬಹುದು. ಆಕ್ಸನ್ನೂ ಸೇರಿಸಿ, ಅಥವಾ ಅದಕ್ಕೆ ಹಳದಿ ದೀಪ ಕೊಡಿ. ಪ್ರತ್ಯೇಕ ರೆಕಾರ್ಡಿಂಗ್‌ಗೂ ಹಳದಿಯನ್ನೇ ಬಳಸುವ ರೂಢಿ ಕೆಲವೆಡೆ ಇರುವುದರಿಂದ ತಂಡಕ್ಕೆ ಮೊದಲೇ ಹೇಳಿ. ಸಣ್ಣ ಸ್ವಿಚರ್‌ನಲ್ಲಿ ಈ ಸೌಲಭ್ಯವಿಲ್ಲದಿದ್ದರೆ ವಾಲ್ ಕ್ಯಾಮೆರಾ ಯಾವುದೆಂದು ನಿಗದಿ ಮಾಡಿ, ‘ಕಾರ್ಯಕ್ರಮ ಮುಗಿಯುವವರೆಗೆ ನೀನು ಲೈವ್’ ಎಂದು ಅವನಿಗೆ ತಿಳಿಸಿಬಿಡುವುದೇ ಸರಿ.

ಪ್ರಶ್ನೆ: ಇಎಸ್‌ಪಿ32 (ವೈಫೈ ಇರುವ ಪುಟ್ಟ ಚಿಪ್) ಬಳಸಿ ವೈಫೈ ಟ್ಯಾಲಿ ಮಾಡಿದ್ದೇವೆ. ಮನೆಯಲ್ಲಿ ಕರಾರುವಾಕ್ಕು, ಸಭೆ ತುಂಬಿದ ಮೇಲೆ ಕೈಕೊಡುತ್ತದೆ. ಒಮ್ಮೆ ಕೆಂಪಾಗಿಯೇ ಉಳಿದುಬಿಟ್ಟಿತು. ಪವರ್ ಬ್ಯಾಂಕ್ ಕೂಡ ತಾನೇ ಆಫ್ ಆಗುತ್ತದೆ. (ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನ ತಂಡ)

ಕೆಂಪಾಗಿಯೇ ಉಳಿದದ್ದನ್ನು ಮೊದಲು ಸರಿಪಡಿಸಿ, ಅದೇ ಎಲ್ಲಕ್ಕಿಂತ ಅಪಾಯದ್ದು. ಸಂಪರ್ಕ ಕಡಿದಾಗ ದೀಪ ಕೊನೆಯ ಸ್ಥಿತಿಯಲ್ಲಿ ನಿಲ್ಲುವಂತೆಯೂ ಬರೆಯಬಾರದು, ಸುಮ್ಮನೆ ಆರುವಂತೆಯೂ ಬರೆಯಬಾರದು. ಆರಿದ ದೀಪವೆಂದರೆ ‘ನೀನು ಲೈವ್ ಅಲ್ಲ, ಅಲುಗಾಡಬಹುದು’ ಎಂದು ಅರ್ಥ. ಅದು ಸುಳ್ಳಾದರೆ ಟ್ಯಾಲಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಸರ್ವರ್‌ನಿಂದ ಸೆಕೆಂಡಿಗೊಂದು ಸಂದೇಶ ಬರುವಂತೆ ಮಾಡಿ. 3 ಸೆಕೆಂಡು ಬರದಿದ್ದರೆ ದೀಪ ನೀಲಿಯಾಗಿ ಮಿನುಗಲಿ. ನೀಲಿ ಕಂಡವರು ಟಾಕ್‌ಬ್ಯಾಕ್ (ಕಂಟ್ರೋಲ್‌ನಿಂದ ಇಯರ್‌ಫೋನ್‌ಗೆ ಬರುವ ಮಾತು) ಕೇಳಿಸಿಕೊಳ್ಳಬೇಕು ಎಂಬುದು ತಂಡದ ನಿಯಮವಾಗಲಿ.

ಜನ ಸೇರಿದಾಗ ಸೋಲುವುದಕ್ಕೆ ಕಾರಣ ಎರಡು. ಇಎಸ್‌ಪಿ8266, ಸಾಮಾನ್ಯ ಇಎಸ್‌ಪಿ32 ಎರಡಕ್ಕೂ ಗೊತ್ತಿರುವುದು 2.4 ಗಿಗಾಹರ್ಟ್ಸ್ ಮಾತ್ರ, ಸಭಿಕರ ಹಾಟ್‌ಸ್ಪಾಟ್‌, ಬ್ಲೂಟೂತ್‌ಗಳೂ ಅಲ್ಲೇ. ಅದರ ಮೇಲೆ, ಮನುಷ್ಯನ ದೇಹದ ನೀರು ಈ ತರಂಗವನ್ನು ಚೆನ್ನಾಗಿಯೇ ಹೀರುತ್ತದೆ. ಖಾಲಿ ಸಭಾಂಗಣದಲ್ಲಿ ಮಾಡಿದ ಪರೀಕ್ಷೆ ತುಂಬಿದ ಸಭಾಂಗಣಕ್ಕೆ ಅನ್ವಯಿಸದು. ರೌಟರನ್ನು ಟೇಬಲ್ ಕೆಳಗಿನಿಂದ ತೆಗೆದು ಸ್ಟ್ಯಾಂಡ್‌ಗೆ ಕಟ್ಟಿ ತಲೆಗಳಿಗಿಂತ ಮೇಲೆ, ಎರಡೂವರೆ ಮೂರು ಮೀಟರ್ ಎತ್ತರಕ್ಕೆ ಒಯ್ಯಿರಿ. ಟ್ಯಾಲಿಗೆಂದೇ ಬೇರೆ ರೌಟರ್ ಇರಲಿ, ಅದರ ಪಾಸ್‌ವರ್ಡ್ ತಂಡದ ಮೊಬೈಲ್‌ಗಳಿಗೂ ಬೇಡ. ಚಾನೆಲ್ ಅಗಲ 20 ಮೆಗಾಹರ್ಟ್ಸ್, ಚಾನೆಲ್ ಸಂಖ್ಯೆ 1, 6, 11ರಲ್ಲಿ ಆ ಜಾಗದಲ್ಲಿ ಕಡಿಮೆ ಗದ್ದಲವಿರುವುದು. ದೀಪಗಳಿಗೆ ಸ್ಥಿರ ಐಪಿ ಕೊಡಿ. ಚಿಪ್‌ನ ವೈಫೈ ನಿದ್ದೆ ಹೋಗುವ ಸೌಲಭ್ಯವನ್ನು ಕೋಡ್‌ನಲ್ಲಿ ಆಫ್ ಮಾಡಿ, ತಡ ಕಡಿಮೆಯಾಗುತ್ತದೆ.

ಅದನ್ನು ಆಫ್ ಮಾಡಿದರೆ ಕರೆಂಟ್ ಬಳಕೆ ತುಸು ಏರುತ್ತದೆ, ಪವರ್ ಬ್ಯಾಂಕ್‌ನ ತೊಂದರೆಗೂ ಅದರಿಂದ ಸಹಾಯವೇ. ಬಹಳಷ್ಟು ಪವರ್ ಬ್ಯಾಂಕ್‌ಗಳು ಎಳೆಯುವ ಕರೆಂಟ್ ತೀರಾ ಕಡಿಮೆಯಾದರೆ ಮೊಬೈಲ್ ಚಾರ್ಜ್ ಮುಗಿಯಿತೆಂದು ತಿಳಿದು ಮುಚ್ಚಿಕೊಳ್ಳುತ್ತವೆ. ಕಡಿಮೆ ಕರೆಂಟ್‌ಗೂ ನಿಲ್ಲುವ ವಿಶೇಷ ಕ್ರಮವಿರುವ ಪವರ್ ಬ್ಯಾಂಕ್ ಹುಡುಕಿ. ಇಲ್ಲವೇ 5 ವೋಲ್ಟ್‌ಗೆ ಅಡ್ಡಲಾಗಿ 100 ಓಮ್, ಅರ್ಧ ವಾಟ್ ರೆಸಿಸ್ಟರ್ ಹಾಕಿ 50 ಮಿಲಿಆಂಪ್ ಸದಾ ಹರಿಯಲಿ, 10,000 ಮಿಲಿಆಂಪ್-ಅವರ್‌ನ ಬ್ಯಾಂಕಿಗೆ ಅದು ಭಾರವಲ್ಲ. ಎಂ5ಸ್ಟಿಕ್‌ಸಿ (ಇಎಸ್‌ಪಿ32, ಪುಟ್ಟ ಪರದೆ ಇರುವ ಸಿದ್ಧ ಸಾಧನ) ಬಳಸುವವರು ಅದರೊಳಗಿನ ಪುಟ್ಟ ಬ್ಯಾಟರಿಯನ್ನು ನೆಚ್ಚಿಕೊಳ್ಳಬೇಡಿ, ಒಂದು ಪ್ರಸಂಗದ ಪೀಠಿಕೆ ಮುಗಿಯುವುದರೊಳಗೆ ಅದು ಖಾಲಿ.

ಡಬ್ಲ್ಯೂಎಸ್2812 ಬಣ್ಣದ ಎಲ್‌ಇಡಿ ಹಾಕಿ ಮೊದಲನೆಯದು ಮಾತ್ರ ವಿಚಿತ್ರವಾಗಿ ಮಿನುಗುತ್ತಿದ್ದರೆ, ಚಿಪ್ ಕೊಡುವ 3.3 ವೋಲ್ಟ್ ಸಂಕೇತ ಸಾಲುತ್ತಿಲ್ಲ ಎಂದರ್ಥ. 5 ವೋಲ್ಟ್‌ನಲ್ಲಿ ಓಡುವ ಎಲ್‌ಇಡಿ 3.5 ವೋಲ್ಟ್ ನಿರೀಕ್ಷಿಸುತ್ತದೆ. ನಡುವೆ ಲೆವೆಲ್ ಶಿಫ್ಟರ್ ಹಾಕಿ, ಡೇಟಾ ತಂತಿಗೆ 330 ಓಮ್, ಪವರ್‌ಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್.

ಪ್ರಶ್ನೆ: ಕಂಪ್ಯೂಟರ್‌ನಲ್ಲೇ ಸ್ವಿಚರ್ ಕೆಲಸ ಮಾಡುವ ವಿಮಿಕ್ಸ್ ಸಾಫ್ಟ್‌ವೇರ್‌ನಲ್ಲಿ ಟ್ಯಾಲಿ ಚೆನ್ನಾಗಿತ್ತು, ಕಾರ್ಯಕ್ರಮದ ನಡುವೆ ದೀಪಗಳೆಲ್ಲ ಅದಲುಬದಲಾದವು. ಅಂಥದ್ದೇ ಉಚಿತ ಸಾಫ್ಟ್‌ವೇರ್ ಆದ ಓಬಿಎಸ್‌ಗೆ ಬದಲಾಯಿಸಿದರೆ ವಾಸಿಯೇ? (ಬೆಳಗಾವಿ)

ನಡುವೆ ಯಾರೋ ಹೊಸ ಇನ್‌ಪುಟ್ ಸೇರಿಸಿದ್ದಾರೆ ಅಥವಾ ಅಳಿಸಿದ್ದಾರೆ. ವಿಮಿಕ್ಸ್‌ನ ಟಿಸಿಪಿ ಪೋರ್ಟ್ 8099ಕ್ಕೆ ಸಂಪರ್ಕಿಸಿ ಟ್ಯಾಲಿಗೆ ಚಂದಾ ಹೇಳಿದರೆ, ಬದಲಾವಣೆಯಾದಾಗಲೆಲ್ಲ 0, 1, 2 ಅಂಕೆಗಳ ಒಂದು ಸಾಲು ಬರುತ್ತದೆ. ಮೊದಲ ಅಂಕೆ ಇನ್‌ಪುಟ್ 1ರದು, ಎರಡನೆಯದು 2ರದು. 1 ಎಂದರೆ ಪ್ರೋಗ್ರಾಂ, 2 ಪ್ರಿವ್ಯೂ, 0 ಎರಡೂ ಅಲ್ಲ. ಈ ಸಾಲಿನಲ್ಲಿ ಹೆಸರಿಲ್ಲ, ಸ್ಥಾನ ಮಾತ್ರ ಇದೆ. ಇನ್‌ಪುಟ್ 2ನ್ನು ಅಳಿಸಿದರೆ 3ನೆಯದು 2 ಆಗುತ್ತದೆ, ಮುಂದಿನ ಎಲ್ಲ ದೀಪಗಳೂ ಒಂದು ಮನೆ ಜರುಗುತ್ತವೆ. ಕ್ಯಾಮೆರಾಗಳನ್ನು ಮೊದಲ ಸ್ಥಾನಗಳಲ್ಲಿಡಿ, ಗ್ರಾಫಿಕ್ಸ್, ವಿಡಿಯೋ ತುಣುಕುಗಳನ್ನು ಯಾವಾಗಲೂ ಕೊನೆಗೆ ಸೇರಿಸಿ.

ಇನ್ನೊಂದು ಸಲಹೆ: ಹೊಸ ರೌಟರ್‌ಗೆ ಜೋಡಿಸಿದಾಗ ವಿಂಡೋಸ್ ಅದನ್ನು ಪಬ್ಲಿಕ್ ನೆಟ್‌ವರ್ಕ್ ಎಂದು ಬಗೆದು ಫೈರ್‌ವಾಲ್ ಬಾಗಿಲು ಹಾಕುತ್ತದೆ. ದೀಪಗಳೆಲ್ಲ ಒಮ್ಮೆಗೇ ಸುಮ್ಮನಾದರೆ ಮೊದಲು ಅದನ್ನು ಪ್ರೈವೇಟ್‌ಗೆ ಬದಲಿಸಿ ನೋಡಿ.

ಓಬಿಎಸ್‌ಗೆ ಬಂದರೆ ತೊಡಕು ಬೇರೆ. 2022ರಲ್ಲಿ ಬಂದ 28ನೇ ಆವೃತ್ತಿಯಿಂದ ವೆಬ್‌ಸಾಕೆಟ್ (ಬೇರೆ ಸಾಫ್ಟ್‌ವೇರ್‌ಗಳು ಓಬಿಎಸ್ ಜೊತೆ ಮಾತಾಡುವ ದಾರಿ) ಅದರೊಳಗೇ ಇದೆ, ಪೋರ್ಟ್ 4455, ಟೂಲ್ಸ್ ಮೆನುವಿನಲ್ಲಿ ಚಾಲೂ ಮಾಡಿ ಪಾಸ್‌ವರ್ಡ್ ಇಡಬೇಕು. ಟ್ಯಾಲಿ ಆರ್ಬಿಟರ್ ಕೂಡ ಅದೇ ಪೋರ್ಟ್ ಹಿಡಿಯುವುದರಿಂದ ಎರಡೂ ಒಂದೇ ಕಂಪ್ಯೂಟರ್‌ನಲ್ಲಿದ್ದರೆ ಒಂದನ್ನು ಬದಲಿಸಿ. ಓಬಿಎಸ್ ಯೋಚಿಸುವುದು ದೃಶ್ಯಗಳಲ್ಲಿ, ಕ್ಯಾಮೆರಾಗಳಲ್ಲಿ ಅಲ್ಲ. ‘ದೃಶ್ಯ ಬದಲಾಯಿತು’ ಎಂಬ ಸೂಚನೆಯನ್ನಷ್ಟೇ ಹಿಡಿದು ದೀಪ ಮಾಡಿದರೆ, ಎರಡು ಕ್ಯಾಮೆರಾ ಇರುವ ದೃಶ್ಯದಲ್ಲಿ ಟ್ಯಾಲಿ ತಪ್ಪುತ್ತದೆ. ಪ್ರತಿ ಮೂಲ ಸಕ್ರಿಯವಾಗಿದೆಯೇ ಎಂದು ಹೇಳುವ ಸೂಚನೆಯನ್ನು ಬಳಸಿ. ಸ್ಟುಡಿಯೋ ಮೋಡ್ (ಪ್ರಿವ್ಯೂ ಬೇರೆಯಾಗಿ ತೋರಿಸುವ ಕ್ರಮ) ಇಲ್ಲದೆ ಹಸಿರು ಬರುವುದಿಲ್ಲ. ಎನ್‌ಡಿಐ (ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ) ಕ್ಯಾಮೆರಾಗಳಾದರೆ ಈ ಕಷ್ಟ ಕಡಿಮೆ, ಚಿತ್ರ ಬರುವ ಸಂಪರ್ಕದಲ್ಲೇ ಟ್ಯಾಲಿ ಹಿಂದಿರುಗುತ್ತದೆ. ಅದೇ ಚಿತ್ರವನ್ನು ಎರಡು ಕಡೆ ಪಡೆಯುತ್ತಿದ್ದರೆ ಯಾವುದೇ ಒಂದು ಕಡೆ ಪ್ರೋಗ್ರಾಂ ಆಗಿದ್ದರೂ ಕೆಂಪು ಹತ್ತುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಪಿಸಿಆರ್‌ನಲ್ಲಿ (ಪ್ರೊಡಕ್ಷನ್ ಕಂಟ್ರೋಲ್ ರೂಮ್) ಮಾನಿಟರ್ ಕೆಳಗಿನ ಹೆಸರು ಫಲಕಗಳಿಗೆ ಟಿಎಸ್‌ಎಲ್ (ಹೆಸರು, ಟ್ಯಾಲಿ ಕಳಿಸುವ ಸಂದೇಶ ಪದ್ಧತಿ) ಮೂಲಕ ಟ್ಯಾಲಿ ಕೊಟ್ಟಿದ್ದೇವೆ. ಹತ್ತಬೇಕಾದ ಫಲಕದ ಬದಲು ಪಕ್ಕದ್ದು ಹತ್ತುತ್ತದೆ. ಹೆಸರನ್ನು ಕನ್ನಡದಲ್ಲಿ ಕಳಿಸಬಹುದೇ? (ಬೆಂಗಳೂರಿನ ಚಾನೆಲ್ ಒಂದರ ತಂತ್ರಜ್ಞರು)

ಪಕ್ಕದ್ದು ಹತ್ತುವುದು ವಿಳಾಸದ ಎಣಿಕೆಯ ಗೊಂದಲ. ಟಿಎಸ್‌ಎಲ್ 3.1ರಲ್ಲಿ ವಿಳಾಸ 0ಯಿಂದ 126ರವರೆಗೆ. ಕೆಲವು ಸಾಧನಗಳ ಮೆನು 1ರಿಂದ ಎಣಿಸುತ್ತದೆ. ಒಂದು ಕಡೆ 1 ಕೂಡಿಸಿ ಅಥವಾ ಕಳೆಯಿರಿ.

ಸಂದೇಶದ ರಚನೆ ಸರಳ: ಒಟ್ಟು 18 ಬೈಟ್. ಮೊದಲನೆಯದು ವಿಳಾಸಕ್ಕೆ ಹೆಕ್ಸ್ 80 ಕೂಡಿಸಿದ ಸಂಖ್ಯೆ. ಎರಡನೆಯದರಲ್ಲಿ ಕೆಳಗಿನ ನಾಲ್ಕು ಬಿಟ್ ನಾಲ್ಕು ಟ್ಯಾಲಿಗಳಿಗೆ, ಮುಂದಿನ ಎರಡು ಪ್ರಕಾಶಕ್ಕೆ. ಉಳಿದ 16 ಹೆಸರು. ಪ್ರಕಾಶದ ಎರಡೂ ಬಿಟ್ ಸೊನ್ನೆಯಾದರೆ ಫಲಕ ಸತ್ತಂತೆ ಕಾಣುತ್ತದೆ, ಕೇಬಲ್ ಬದಲಿಸುವ ಮುನ್ನ ಇದನ್ನು ನೋಡಿ. ಸೀರಿಯಲ್ ಸೆಟ್ಟಿಂಗ್ 38,400 ಬಾಡ್, 8 ಬಿಟ್, ಈವನ್ ಪ್ಯಾರಿಟಿ, 1 ಸ್ಟಾಪ್. ಹೆಚ್ಚಿನವರು ಪ್ಯಾರಿಟಿ ಇಲ್ಲವೆಂದು ಇಟ್ಟು ಎಡವುತ್ತಾರೆ. ಏನೂ ಬರದಿದ್ದರೆ ಪ್ಲಸ್, ಮೈನಸ್ ಡೇಟಾ ತಂತಿಗಳನ್ನು ಅದಲುಬದಲು ಮಾಡಿ ನೋಡಿ, ಎ ಮತ್ತು ಬಿ ಎಂಬ ಹೆಸರನ್ನು ತಯಾರಕರು ಒಂದೇ ರೀತಿ ಬಳಸುವುದಿಲ್ಲ.

ಈ ವೇಗದಲ್ಲಿ ಒಂದು ಸಂದೇಶಕ್ಕೆ ಸುಮಾರು 5 ಮಿಲಿಸೆಕೆಂಡ್. ಒಂದೇ ಸಾಲಿನಲ್ಲಿ 16 ಫಲಕಗಳಿಗೆ ಸರದಿಯಂತೆ ಕಳಿಸಿದರೆ ಒಂದು ಸುತ್ತಿಗೆ 82, ಅಂದರೆ ಎರಡು ಫ್ರೇಮ್. 32 ಆದರೆ ನಾಲ್ಕು ಫ್ರೇಮ್, ಕಣ್ಣಿಗೆ ತಡ ಗೊತ್ತಾಗುತ್ತದೆ. ಬದಲಾದದ್ದನ್ನು ಮೊದಲು ಕಳಿಸುವ ಕಂಟ್ರೋಲರ್ ಬೇಕು, ಇಲ್ಲವೇ ಸಾಲನ್ನು ಎರಡಾಗಿ ಒಡೆಯಿರಿ.

ಕನ್ನಡದ ಹೆಸರು 3.1ರಲ್ಲಿ ಸಾಧ್ಯವಿಲ್ಲ, ಅದು ಆಸ್ಕಿ (ಇಂಗ್ಲಿಷ್) ಅಕ್ಷರಗಳಿಗೆ ಸೀಮಿತ. ನೆಟ್‌ವರ್ಕ್ ಮೇಲೆ ಓಡುವ 5ನೇ ಆವೃತ್ತಿ ಯೂನಿಕೋಡ್ ಒಯ್ಯುತ್ತದೆ, ಕೆಂಪು, ಹಸಿರು, ಹಳದಿ ಮೂರೂ ಬಣ್ಣಗಳನ್ನು ನೇರವಾಗಿ ಹೇಳುತ್ತದೆ. ಫಲಕ ಅಥವಾ ಮಲ್ಟಿವ್ಯೂವರ್‌ನಲ್ಲಿ (ಹಲವು ಚಿತ್ರಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಸಾಧನ) ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ ಕನ್ನಡ ಫಾಂಟ್ ಇರಬೇಕು ಅಷ್ಟೆ, ಕೊಳ್ಳುವ ಮುನ್ನ ‘ಸ್ತ್ರೀ’, ‘ರಾಷ್ಟ್ರ’ ಎಂದು ಕಳಿಸಿ ನೋಡಿ.

ಪ್ರಶ್ನೆ: ದೀಪ ತಡವಾಗಿ ಹತ್ತುತ್ತಿದೆ ಎಂದು ಕ್ಯಾಮೆರಾಮನ್‌ಗಳ ದೂರು. ಅಳೆಯುವುದು ಹೇಗೆ? (ಶಿವಮೊಗ್ಗ)

ದೀಪವನ್ನೂ ಸ್ವಿಚರ್‌ಗೆ ನೇರ ಜೋಡಿಸಿದ ಪ್ರೋಗ್ರಾಂ ಮಾನಿಟರನ್ನೂ ಒಂದೇ ಚೌಕಟ್ಟಿನಲ್ಲಿಟ್ಟು ಮೊಬೈಲ್‌ನ 240 ಫ್ರೇಮ್ ಸ್ಲೋಮೋಷನ್‌ನಲ್ಲಿ ಚಿತ್ರೀಕರಿಸಿ, ಕಟ್ ಮಾಡಿ. ಒಂದೊಂದು ಫ್ರೇಮ್ ಸುಮಾರು 4 ಮಿಲಿಸೆಕೆಂಡ್, ನಡುವಿನವನ್ನು ಎಣಿಸಿ. 80 ಮಿಲಿಸೆಕೆಂಡ್ ಒಳಗಿದ್ದರೆ ದೂರು ಬರಬಾರದು. ಎಲ್‌ಇಡಿ ವಾಲ್ ನೋಡಿ ಅಳೆಯಬೇಡಿ, ವಾಲ್ ತಾನೇ ತಡ.

ವೈರ್‌ಲೆಸ್ ವಿಡಿಯೋ ಬಳಸುತ್ತಿದ್ದರೆ ದೂರಿಗೆ ಕಾರಣ ದೀಪವಲ್ಲ. ಚಿತ್ರ ಸ್ವಿಚರ್‌ಗೆ 100 ಮಿಲಿಸೆಕೆಂಡ್ ತಡವಾಗಿ ತಲುಪುತ್ತಿದೆ ಎಂದುಕೊಳ್ಳಿ. ಕೆಂಪು ಹತ್ತಿದ ಕ್ಷಣ ಹೊರಗೆ ಹೋಗುವುದು 100 ಮಿಲಿಸೆಕೆಂಡ್ ಹಿಂದಿನ ಚಿತ್ರ. ಕೆಂಪು ಕಂಡ ಮೇಲೆ ಕ್ಯಾಮೆರಾ ನಿಲ್ಲಿಸಿದರೆ ನಿಲ್ಲಿಸುವ ಮುಂಚಿನ ಅಲುಗಾಟವೂ ಜನರಿಗೆ ಕಾಣುತ್ತದೆ. ಅಂಥ ಕ್ಯಾಮೆರಾಗೆ ಹಸಿರು ಕಡ್ಡಾಯ, ಹಸಿರಿನಿಂದಲೇ ಸ್ಥಿರವಾಗಿರಬೇಕು.

ಪ್ರಶ್ನೆ: ಮುಂಭಾಗದ ಕೆಂಪು ದೀಪ ಆ್ಯಂಕರ್‌ನ ಕನ್ನಡಕದಲ್ಲಿ ಹೊಳೆಯುತ್ತದೆ. ತೆಗೆದುಬಿಡೋಣವೇ? (ಹುಬ್ಬಳ್ಳಿ)

ತೆಗೆಯಬೇಡಿ, ಎರಡು ಮೂರು ಕ್ಯಾಮೆರಾಗಳ ನಡುವೆ ಯಾವುದನ್ನು ನೋಡಿ ಮಾತಾಡಬೇಕೆಂದು ಆ್ಯಂಕರ್‌ಗೆ ತಿಳಿಯುವುದು ಅದರಿಂದಲೇ. ಲೆನ್ಸ್‌ನ ಮೇಲಿರುವ ದೀಪವನ್ನು ಒಂದು ಬದಿಗೆ ಸರಿಸಿ, ಹಾಲುಬಿಳಿ ಅಕ್ರಿಲಿಕ್ ತುಂಡು ಮುಚ್ಚಿ, ರೆಸಿಸ್ಟರನ್ನು 470ರಿಂದ 1.5 ಕಿಲೋಓಮ್‌ಗೆ ಏರಿಸಿ. ಒಳಾಂಗಣದಲ್ಲಿ 6–7 ಮಿಲಿಆಂಪ್‌ನ ಬೆಳಕು ಸಾಕು. ಸಂದರ್ಶನಕ್ಕೆ ಬಂದ ಅತಿಥಿಗಳ ವಿಷಯ ಬೇರೆ. ಕೆಂಪು ಕಂಡೊಡನೆ ಬಿಗಿಯಾಗುವವರು ಬಹಳ ಮಂದಿ, ಅವರೆದುರಿನ ಕ್ಯಾಮೆರಾಗಳಲ್ಲಿ ಮುಂದಿನ ದೀಪಕ್ಕೆ ಕಪ್ಪು ಟೇಪ್ ಹಚ್ಚಿ, ಕ್ಯಾಮೆರಾಮನ್ ಕಡೆಯದನ್ನು ಮಾತ್ರ ಉಳಿಸಿ. ಕಾರ್ಯಕ್ರಮ ಮುಗಿದ ಮೇಲೆ ಆ ಟೇಪ್ ಕೀಳಲು ಒಬ್ಬರನ್ನು ನೇಮಿಸಿ, ಮರುದಿನದ ಆ್ಯಂಕರ್ ಆರಿದ ಕ್ಯಾಮೆರಾ ಎಂದುಕೊಂಡು ಲೈವ್‌ನಲ್ಲಿ ಬೇರೆಡೆ ನೋಡುತ್ತಾ ನಿಲ್ಲಬಾರದು.